ಖಂಡೇಪೂಜೆಯ ಮರುದಿನದ ಅಳತೆ

ನನ್ನ ಲೆಕ್ಕಕ್ಕೂ ಅಕ್ಕನ ಅಳತೆಗೂ ತಾಳೆಯಾಗಲಿಲ್ಲ. ಬೇರೆ ಯಾರದಾದರೂ ಆಗಿದ್ದರೆ ಒಂದು ಇಮೇಲ್ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಸೋಮವಾರ ನಾಶಿಕ್ ಹತ್ತಿರದ ಸಿನ್ನರಿನ ಕಾರ್ಖಾನೆಯಲ್ಲಿ, ನಾವಿಬ್ಬರೂ ಲೆಕ್ಕ ಹಾಕಿ ಅಳೆದಿದ್ದ ಎರಡು ದ್ರವಗಳನ್ನು ಮೊದಲ ಸಲ ದೊಡ್ಡ ರಿಯಾಕ್ಟರಿನಲ್ಲಿ ಬೆರೆಸುವವರಿದ್ದರು. ಅದರ ಪಕ್ಕ ನಿಲ್ಲಬೇಕಾದವರು ಅಕ್ಕನ ಗಂಡ, ನನ್ನ ಭಾವ.

ಸಾವಯವ ಅಣುಗಳು ಕೂಡಿದಾಗ ಎಷ್ಟು ಶಾಖ ಹೊರಬರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಪ್ರಯೋಗದ ಅಂಕಿಗಳಿಗೆ ಹೋಲಿಸಿ ನೋಡುವುದು ಸಂಭಾಜಿನಗರದಲ್ಲಿ ನನ್ನ ಸಂಶೋಧನೆ. ಅಕ್ಕ ನಾಶಿಕ್‌ನ ಒಂದು ಲ್ಯಾಬಿನಲ್ಲಿ ಅದೇ ಶಾಖವನ್ನು ಕ್ಯಾಲೊರಿಮೀಟರಿನಲ್ಲಿ ಅಳೆಯುತ್ತಿದ್ದಳು. ಅವಳ ಅಂಕಿ ನಂಬಿಯೇ ಕಾರ್ಖಾನೆಯವರು ರಿಯಾಕ್ಟರನ್ನು ತಣಿಸುವ ವ್ಯವಸ್ಥೆ ಮಾಡಿದ್ದರು. ನನ್ನ ಲೆಕ್ಕದಲ್ಲಿ ಶಾಖ ಬಹಳ ಹೆಚ್ಚಿತ್ತು. ಅದು ನಿಜವಾದರೆ ರಿಯಾಕ್ಟರು ಸಿಡಿಯುವುದೇ ಸೈ.

ಮೊದಲು ನನ್ನನ್ನೇ ಅನುಮಾನಿಸಿದೆ. ಅನಿಲಕ್ಕೂ ದ್ರವಕ್ಕೂ ಇರುವ ಶಾಖದ ವ್ಯತ್ಯಾಸ ಸೇರಿಸಲು ಮರೆತೆನೇ? ಮರೆತಿರಲಿಲ್ಲ. ಅಳತೆ ಗೊತ್ತಿರುವ ಇಂಥದೇ ಅಣುಗಳನ್ನು ಅದೇ ವಿಧಾನದಲ್ಲಿ ಲೆಕ್ಕ ಹಾಕಿದೆ. ಎಲ್ಲವೂ ಹೊಂದಿದವು, ಇದೊಂದನ್ನು ಬಿಟ್ಟು. ಶನಿವಾರ ಅಕ್ಕನಿಗೆ ಫೋನ್ ಮಾಡಿದೆ.

"ನಾ ಕಣ್ಣಾರೆ ನೋಡಿ ಅಳದೀನಿ. ನಿನ್ನ ಕಂಪ್ಯೂಟರ್ ಯಾವತ್ತರ ಕೈ ಸುಟ್ಕೊಂಡದೇನು?" ಎಂದವಳೇ ಫೋನ್ ಇಟ್ಟಳು.

ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಭಾನುವಾರ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಖಾರದ ಮಾತುಗಳನ್ನೇ ಜೋಡಿಸುತ್ತಿದ್ದೆ. ನಡುವೆ ನಿಫಾಡ್ ಊರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಮನೆ ಮುಟ್ಟಿದಾಗ ಭಾವ ಮರುದಿನದ ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಿದ್ದರು. ಅದನ್ನು ನೋಡಿ ನನ್ನ ಖಾರವೆಲ್ಲ ಇಳಿದುಹೋಯಿತು.

"ಜಗಳಕ್ಕ ಬಂದಿಲ್ಲಕ್ಕಾ. ಅಳದ ದಿನ ಏನೇನ್ ಮಾಡಿದಿ, ಅಷ್ಟೇ ಹೇಳು" ಎಂದೆ.

ಮುಖ ಗಂಟಿಕ್ಕಿಕೊಂಡೇ ಹೇಳತೊಡಗಿದಳು. ಬಾಟಲಿಯ ಸೀಲ್ ಒಡೆದು, ಎರಡರಲ್ಲಿ ಒಂದಾದ ಕ್ಲೋರೈಡ್ ದ್ರವವನ್ನು ಫ್ಲಾಸ್ಕಿಗೆ ಸುರಿದಿದ್ದಳು. ಅಷ್ಟರಲ್ಲಿ ಖಂಡೇಪೂಜೆಗೆ, ಎಂದರೆ ಆಯುಧಪೂಜೆಗೆ, ಲ್ಯಾಬಿನವರೆಲ್ಲ ಸೇರಿದರು. ನಮ್ಮ ಬೀದರಿನ ಮನೆಯ ರೂಢಿಯಂತೆ ಅವಳೇ ಕ್ಯಾಲೊರಿಮೀಟರಿಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದಳು.

"ಪೂಜಿ ಆದ್ಮ್ಯಾಲ ಅವತ್ತ ಏನೂ ಮುಟ್ಟಬಾರದಲ್ಲ. ಎಲ್ಲಾ ಹಂಗೇ ಬಿಟ್ಟು, ಮರುದಿನ ಮುಂಜಾನೆ ಅದನ್ನೇ..."



"ಫ್ಲಾಸ್ಕಿಗೆ ಬೂಚು ಹಾಕಿದ್ದೇನಕ್ಕಾ?"

ಅವಳು ಆಗಲೇ ಎದ್ದು ಲ್ಯಾಬಿನ ಕೀಲಿ ಹುಡುಕುತ್ತಿದ್ದಳು. ಗಾಳಿಯ ತೇವ ತಾಗಿದರೆ ಆ ದ್ರವ ಸತ್ವ ಕಳೆದುಕೊಳ್ಳುತ್ತದೆಂದು ಅವಳಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಸತ್ವವಿಲ್ಲದ್ದನ್ನು ಅಳೆದರೆ ಶಾಖ ಕಡಿಮೆ ಬರುತ್ತದೆ. ಕಾರ್ಖಾನೆಯ ಡ್ರಮ್ಮುಗಳಲ್ಲಿ ಇದ್ದದ್ದು ಸೀಲ್ ಒಡೆಯದ ಹೊಸ ಸರಕು.

ಲ್ಯಾಬಿಗೆ ಓಡಿದೆವು. ಅವಳು ಹೊಸ ಬಾಟಲಿಯ ಸೀಲ್ ಒಡೆದು ಕೂಡಲೇ ಅಳೆಯತೊಡಗಿದಳು. ಪರದೆಯ ಮೇಲೆ ಗೆರೆ ಏರುತ್ತ ಏರುತ್ತ ನನ್ನ ಲೆಕ್ಕದ ಹತ್ತಿರ ಬಂದು ನಿಂತಿತು. ಗೆದ್ದೆನೆಂದು ಅನಿಸಲಿಲ್ಲ. ಅಕ್ಕ ಅಲ್ಲಿಂದಲೇ ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿ, ತನ್ನ ಅಳತೆ ತಪ್ಪೆಂದು ಮರಾಠಿಯಲ್ಲಿ ಬಿಡಿಸಿ ಹೇಳಿ, ಬ್ಯಾಚ್ ನಿಲ್ಲಿಸಿದಳು.

ಸೋಮವಾರ ಮಧ್ಯಾಹ್ನ ಭಾವ ಮನೆಯಲ್ಲೇ ಊಟಕ್ಕೆ ಕೂತಿದ್ದರು. "ಅಕ್ಕ-ತಂಗಿ ಜಗಳದಾಗ ನನಗೊಂದು ದಿನ ಸೂಟಿ ಸಿಕ್ತು" ಎಂದು ನಕ್ಕರು. ಅಕ್ಕ ನಗಲಿಲ್ಲ. ಸಾಕೆಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೂ, ಆ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕಿದಳು. ಸರಿಸಿದ ಕೈಯನ್ನು ಬಿಡಲೇ ಇಲ್ಲ.