ನಮ್ಮತ್ತೆ ಗೌರವ್ವನ ಸಿತಾರ್ ತಂತಿ

ನನ್ನನ್ನು ನೋಡಲು ಬಂದ ದಿನ ಗೌರವ್ವ ನನ್ನ ಮುಖಕ್ಕಿಂತ ಅಂಗೈಯನ್ನೇ ಹೆಚ್ಚು ಹೊತ್ತು ನೋಡಿದರು. ಸಂತೆಕಲ್ಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಹಿರಿಯರೆಲ್ಲ ಕುಳಿತಿದ್ದರು. ನಾನು ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಅವರು ನನ್ನ ಎರಡೂ ಕೈ ಹಿಡಿದು, ತಮ್ಮ ಸೆರಗಿನಿಂದ ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿ ನೋಡಿದರು. ಕೈರೇಖೆ ಬಲ್ಲವರಿರಬೇಕೆಂದು ನಮ್ಮವ್ವ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು.

“ಈ ಹುಡುಗಿ ಕೈ ಭಾಳ ಬೆವರ್ತಾವ,” ಅಂದರು ಗೌರವ್ವ.

ನಮ್ಮವ್ವನ ಮುಖ ಸಣ್ಣದಾಯಿತು. “ಹೆದರ್ಯಾಳ್ರೀ, ಅದಕ್ಕ. ಬ್ಯಾರೆ ಏನಿಲ್ಲ.”

“ಹೆದರಿಕಿ ಬೆವರಲ್ಲವಾ ಇದು. ಹುಟ್ಟಾ ಬಂದದ್ದು. ಇರ್ಲಿ, ಅದಕ್ಕೊಂದು ದಾರಿ ಹುಡುಕಿದರಾತು.”

ಮದುವೆ ನಿಶ್ಚಯವಾಯಿತು. ಆದರೆ ಬೆವರಿಗೂ ಸೊಸೆತನಕ್ಕೂ ಏನು ಸಂಬಂಧವೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಮಸ್ಕಿಗೆ ಹೋದಮೇಲೆ ನನಗೆ ತಿಳಿಯಿತು. ಬಜಾರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಆ ಮನೆಯ ಒಳಕೋಣೆಯಲ್ಲಿ, ಹಳೆಯ ರೇಷ್ಮೆ ಸೀರೆಯೊಂದನ್ನು ಹೊದ್ದುಕೊಂಡು ಒಂದು ಸಿತಾರ್ ಮಲಗಿತ್ತು. ನಮ್ಮತ್ತೆ ಅದನ್ನು ಬಾರಿಸುತ್ತಿದ್ದರು.

ಅವರ ತವರು ಲಿಂಗಸುಗೂರು. ಮನೆಯ ಮಗ್ಗುಲಲ್ಲೇ ಒಬ್ಬ ಉಸ್ತಾದರಿದ್ದರಂತೆ. ತಂದೆ ಮಗನಿಗೆ ಕಲಿಸಿರೆಂದು ಅವರನ್ನು ಕೇಳಿದರೆ, ಮಗ ಒಂದು ವಾರ ಕೂತು ಎದ್ದುಹೋದ. ಚಾಪೆಯ ತುದಿಯಲ್ಲಿ ಸುಮ್ಮನೆ ಕೂತಿದ್ದ ಗೌರವ್ವ ಏಳಲಿಲ್ಲ. ಮದುವೆಯಾಗಿ ಮಸ್ಕಿಗೆ ಬಂದಾಗ ಉಸ್ತಾದರೇ ಸಿತಾರ್ ಕೊಟ್ಟು ಕಳಿಸಿದರು. ವರ್ಷಕ್ಕೊಮ್ಮೆ ಹೈದರಾಬಾದಿನಿಂದ ತಂತಿ ತರಿಸಿಕೊಡುತ್ತಿದ್ದವರೂ ಅವರೇ. ನಿಜಾಮರ ರಾಜ್ಯ ಹೋದಮೇಲೆ, ಆ ಹೆದರಿಕೆಯ ದಿನಗಳಲ್ಲಿ, ಉಸ್ತಾದರು ಮನೆ ಮಾರಿ ಹೈದರಾಬಾದಿನ ಮಗಳ ಹತ್ತಿರ ಹೊರಟರು. ಹೊರಡುವ ಮುಂಚೆ ಮಸ್ಕಿಯ ಅಂಗಡಿಗೆ ಬಂದು, ತಮ್ಮಲ್ಲಿದ್ದ ತಂತಿಯ ಸುರುಳಿಗಳನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಕೊಟ್ಟು, “ಬೇಟಿ, ಇನ್ನ ನನ್ನ ಕಡಿಂದ ಬರೂದಿಲ್ಲ. ಸಂಭಾಳಿಸು,” ಎಂದರಂತೆ. ಅದನ್ನು ಹೇಳುವಾಗ ಅತ್ತೆ ಪ್ರತಿ ಸಲವೂ ಡಬ್ಬಿಯ ಕಡೆ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು.

ಅವರು ಸಂಭಾಳಿಸಿದ ರೀತಿಯನ್ನು ನಾನು ಕಣ್ಣಾರೆ ಕಂಡೆ. ಅಡಿಗೆ ಮಾಡಿದ ಕೈಯಲ್ಲಿ ಸಿತಾರ್ ಮುಟ್ಟುವುದಿಲ್ಲ. ಉಪ್ಪು, ಹುಣಸೆ, ಖಾರ ಯಾವುದೂ ಉಗುರಿನ ಸಂದಿಯಲ್ಲೂ ಇರಬಾರದು. ಕಡಲೆಹಿಟ್ಟು ಹಾಕಿ ಕೈ ತೊಳೆದು, ಒಣ ಅರಿವೆಯಿಂದ ಒರೆಸಿಕೊಂಡು, ಆಮೇಲೂ ಬಾಗಿಲಲ್ಲಿ ಗಾಳಿಗೆ ಕೈಯೊಡ್ಡಿ ನಿಲ್ಲುವರು. ಬಾರಿಸಿದ್ದು ಮುಗಿದಮೇಲೆ ಹಳೆಯ ಮೆತ್ತನೆಯ ಧೋತರದ ತುಂಡನ್ನು ತಂತಿಯ ಕೆಳಗೆ ತೂರಿಸಿ, ತಂತಿ ಸುತ್ತುವ ಬಿರಡೆಯಿಂದ ಬುರುಡೆಯ ಮೇಲೆ ತಂತಿ ಹೊತ್ತ ಕುದುರೆಯವರೆಗೆ ಪ್ರತಿಯೊಂದು ತಂತಿಯನ್ನೂ ಮೇಲೂ ಕೆಳಗೂ ಒರೆಸುವರು. “ಮ್ಯಾಲಿಂದು ಎಲ್ಲಾರೂ ಒರಸ್ತಾರ. ತುಕ್ಕು ಹುಟ್ಟೂದು ಕೆಳಗ, ಕಣ್ಣಿಗೆ ಕಾಣಲಾರದಲ್ಲಿ,” ಅನ್ನುವರು. ಕೊನೆಗೆ ಹತ್ತಿಯ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಕ್ಕಿನ ತಂತಿಗೆ ಸವರಿ, ಸವರಿದ್ದನ್ನೂ ಮತ್ತೆ ಒರೆಸಿ ತೆಗೆಯುವರು. ನಾನು ಒಮ್ಮೆ ಧಾರಾಳವಾಗಿ ಎಣ್ಣೆ ಹಚ್ಚಿದೆ. ಮರುದಿನ ತಂತಿಗೆ ಮಸ್ಕಿಯ ಕೆಂಪು ಧೂಳೆಲ್ಲ ಅಂಟಿಕೊಂಡಿತ್ತು. ಅತ್ತೆ ಬಯ್ಯಲಿಲ್ಲ. “ನೀಲವ್ವ, ಇದು ಬದನೀಕಾಯಿಗೆ ಒಗ್ಗರಣಿ ಹಾಕಿದಂಗಲ್ಲ. ಎಣ್ಣಿ ಇರಬೇಕು, ಕಾಣಬಾರದು,” ಅಂದು ತಾವೇ ಕೂತು ಎಲ್ಲವನ್ನೂ ಒರೆಸಿದರು.

ತಂತಿ ಏರಿಸುವಾಗ ಬಿರಡೆಗೆ ಒಂದಿಷ್ಟು ಉದ್ದವನ್ನು ಹೆಚ್ಚಾಗಿ ಸುತ್ತುತ್ತಿದ್ದರು. ಸಿತಾರಿನ ಕತ್ತಿಗೆ ಅಡ್ಡ ಕಟ್ಟಿದ ಹಿತ್ತಾಳೆಯ ಪಡದೆಗಳ ಮೇಲೆ ಒತ್ತಿ ಒತ್ತಿ ತಂತಿಯಲ್ಲಿ ಗೀರು ಬಿದ್ದಾಗ ಅದನ್ನು ಬಿಚ್ಚಿ ಎಸೆಯುವುದಿಲ್ಲ. ಸಡಿಲ ಮಾಡಿ, ಸ್ವಲ್ಪ ಮುಂದಕ್ಕೆ ಎಳೆದು, ಸವೆಯದ ಜಾಗ ಪಡದೆಗೆ ಬರುವಂತೆ ಕಟ್ಟುವರು. ಹೊಸ ತಂತಿ ತರಿಸಲು ಆಗದ ಆ ದಿನಗಳಲ್ಲಿ ಸಿತಾರ್ ಒಂದು ದಿನವೂ ಮೌನವಾಗಿರಲಿಲ್ಲ.

ಅಂಥ ಮನೆಗೆ ನಾನು ಬೆವರುವ ಕೈ ತೆಗೆದುಕೊಂಡು ಹೋದೆ. ಹೊಲಿಗೆಯ ಸೂಜಿ ನನ್ನ ಕೈಯಲ್ಲಿ ಒಂದು ವಾರಕ್ಕೆ ಕಪ್ಪಾಗುತ್ತಿತ್ತು. ಅತ್ತೆ ಮೊದಲ ದಿನವೇ ನನ್ನ ಬೆರಳಿಗೆ ಮಿಜ್ರಾಬ್ ತೊಡಿಸಿದರು. ತಂತಿ ಮೀಟಲು ಬೆರಳಿಗೆ ಹಾಕಿಕೊಳ್ಳುವ ಕಬ್ಬಿಣದ ಉಗುರು ಅದು. ಕೆಲವೇ ದಿನಗಳಲ್ಲಿ, ನಾನು ಒತ್ತುತ್ತಿದ್ದ ಜಾಗದಲ್ಲೆಲ್ಲ ಮುಖ್ಯ ತಂತಿಗೆ ಕೆಂಪು ಬಣ್ಣ ತಿರುಗಿತು. ಅತ್ತೆ ನುಣುಪಾದ ಬೂದಿಯನ್ನು ಅರಿವೆಗೆ ಹಾಕಿ ತಿಕ್ಕಿದರು. ಹೊಳಪು ಬಂತು, ಆದರೆ ಎರಡು ದಿನಕ್ಕೆ ತಂತಿ ಅದೇ ಜಾಗದಲ್ಲಿ ಕಡಿದುಹೋಯಿತು. ನಾನು ಅಳುತ್ತಾ ಕೂತೆ.

ಮಾವನವರ ಅಕ್ಕ ಆಗ ಮನೆಯಲ್ಲೇ ಇದ್ದರು. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. “ಗೌರಿ, ಇರೋದಾ ನಾಕು ತಂತಿ. ಅವನ್ನ ಈಕಿ ಕೈಯಾಗ ಕೊಟ್ಟು ಯಾಕ ಹಾಳು ಮಾಡ್ತಿ? ಸೊಸಿಗಿ ರೊಟ್ಟಿ ಬಡಿಯೂದು ಕಲಿಸು, ಸಾಕು,” ಅಂದರು.

“ರೊಟ್ಟಿ ಈಕಿ ನನಗಿಂತ ಚೊಲೊ ಬಡೀತಾಳ, ಅಕ್ಕಾ,” ಅಂದರು ಅತ್ತೆ. “ತಂತಿ ನಾ ಕಾಯ್ಕೊಂಡು ಕೂತಿದ್ದು ಬಾರಿಸ್ಲಿಕ್ಕೆ. ಡಬ್ಬ್ಯಾಗ ಹೊಳಕೋತ ಕುಂದರ್‍ಲಿ ಅಂತಲ್ಲ. ನಾ ಹೋದ ಮ್ಯಾಲ ಡಬ್ಬಿ ತೆಗದು ನೀವು ಏನ್ ಮಾಡೋರು?”

ಆಮೇಲೆ ನನ್ನ ಕೈಗೆ ಮದ್ದು ಹುಡುಕುವ ಕೆಲಸ ಸುರುವಾಯಿತು. ಮೊದಲು ವಿಭೂತಿ ಪುಡಿಮಾಡಿ ಅಂಗೈಗೆ ಹಚ್ಚಿಸಿದರು. ಬೆವರು ನಿಂತಿತು, ಆದರೆ ಪುಡಿ ತಂತಿಯ ಕೆಳಗೆ ಕೂತು, ನಾದ ಮಂಕಾಯಿತು. “ಶಿವನ ಬೂದಿ ಹಣಿಗೇ ಇರ್ಲಿ,” ಅಂತ ಅದನ್ನು ಬಿಟ್ಟರು. ಹುಣಸೆ ಎಲೆಯ ನೀರು, ಬೇವಿನ ಕಷಾಯ, ಎಲ್ಲ ಆಯಿತು. ಯಾವುದೂ ನಡೆಯಲಿಲ್ಲ. ಒಂದು ಮಧ್ಯಾಹ್ನ ನನ್ನ ತೊಡೆಯ ಮೇಲೆ ಧೋತರದ ತುಂಡನ್ನು ಹಾಕಿ, “ನಿನ್ನ ಬೆವರು ನಿಲ್ಲಂಗಿಲ್ಲ. ನಿಲ್ಲೂದು ಬ್ಯಾಡ. ರಾಗದ್ದೊಂದು ಗತ್ತು ಬಾರ್‍ಸು, ಕೈ ಒರಸ್ಕೊ, ತಂತಿ ಒರಸು. ಮತ್ತ ಬಾರ್‍ಸು. ಉಳದೋರು ಕಡೀಗೆ ಮಾಡೂದನ್ನ ನೀ ನಡುನಡುವ ಮಾಡು,” ಅಂದರು.

ಅಷ್ಟೇ ಮದ್ದು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ರಾಗದ ಹಿಡಿತ ಸಿಕ್ಕಿತು ಅನ್ನುವಾಗ ಅರಿವೆ ಹಿಡಿಯಬೇಕು. ಬರುಬರುತ್ತಾ ಆ ನಿಲುಗಡೆಯಲ್ಲೇ ಮುಂದೆ ಬಾರಿಸುವುದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುವ ರೂಢಿಯಾಯಿತು. ನಾನು ಏರಿಸಿದ ತಂತಿ ಒಂದು ಮಳೆಗಾಲ ದಾಟಿದ ದಿನ ಅತ್ತೆ ಹೋಳಿಗೆ ಮಾಡಿದರು. ಯಾವ ಹಬ್ಬ ಅಂತ ಮಾವನವರು ಕೇಳಿದರೆ, “ಊಟ ಮಾಡ್ರಿ ಸುಮ್ನ,” ಅಂದರು.

ತುಂಗಭದ್ರೆಯ ಕಾಲುವೆ ನೀರು ಸಿಂಧನೂರಿನ ಕಡೆ ಹರಿದಮೇಲೆ ನಮ್ಮ ಯಜಮಾನರು ಅಲ್ಲೊಂದು ಜವಳಿ ಅಂಗಡಿ ಹಾಕಿದರು. ನಾವು ಹೊರಡುವ ದಿನ ಅತ್ತೆ ಸಿತಾರನ್ನು ರೇಷ್ಮೆ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟರು. ತಂತಿಗಳನ್ನೆಲ್ಲ ಸ್ವಲ್ಪ ಸಡಿಲ ಮಾಡಿದ್ದರು. “ಬ್ಯಾಡ್ರೀ ಅತ್ತಿ, ನಿಮಗ ದಿನಾ ಬೇಕಲ್ಲ,” ಅಂದೆ. “ನನ್ನ ಬೆರಳು ಈಗ ಸಂಜಿಮುಂದ ಹೇಳಿದ ಮಾತು ಕೇಳೂದಿಲ್ಲ. ನಿನ್ನ ಬೆರಳು ಕೇಳ್ತಾವ, ಒಯ್ಯಿ,” ಅಂದರು. ಬಸ್ಸು ತಿರುಗುವವರೆಗೆ ನಿಂತಿದ್ದರು.

ಸಿಂಧನೂರು ನನ್ನ ಕಣ್ಣೆದುರಿಗೇ ಬೇರೆ ಊರಾಯಿತು. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ್ಲು ನಿಂತಿತು. ಸಾಲಗುಂದದ ದಾರಿಯುದ್ದಕ್ಕೂ ಗದ್ದೆಯ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಜನ ಸಂತೋಷವಾಗಿದ್ದರು, ನಾನೂ ಇದ್ದೆ. ಆದರೆ ಮೊದಲ ಮಳೆಗಾಲದಲ್ಲೇ ಸಿತಾರ್ ತಂತಿಗೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಬಂತು. ಎಷ್ಟು ಒರೆಸಿದರೂ ಮತ್ತೆ ಬರುತ್ತಿತ್ತು. ಅಂಗಡಿಯ ಕೆಲಸಕ್ಕೆ ಮಸ್ಕಿಗೆ ಹೊರಟ ಯಜಮಾನರ ಹತ್ತಿರ ಹೇಳಿ ಕಳಿಸಿದೆ. ಅವರು ಮರಳಿದಾಗ ಜೊತೆಯಲ್ಲಿ ಅತ್ತೆಯೇ ಬಸ್ಸಿಳಿದರು, ಬಗಲಲ್ಲಿ ಇದ್ದಿಲಿನ ಚೀಲ, ಕೈಯಲ್ಲಿ ತಂತಿಯ ತಗಡಿನ ಡಬ್ಬಿ.

ಕೈಕಾಲು ತೊಳೆಯದೆ ನೇರ ಕೋಣೆಗೆ ಹೋಗಿ ಗೋಡೆಗೆ ಅಂಗೈ ಹಚ್ಚಿದರು. “ಹುಡುಗಿ, ನಿನ್ನ ಕೈಯಲ್ಲ, ಈ ಊರಿನ ಗ್ವಾಡಿ ಬೆವರಾಕತ್ತಾವ,” ಅಂದು ನಕ್ಕರು. ಬಡಗಿಗೆ ಹೇಳಿ ಸಿತಾರಿನ ಅಳತೆಗೆ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಅದನ್ನು ಗೋಡೆಯಿಂದ ದೂರ, ಮಂಚದ ಮೇಲೆ ಇರಿಸಿದರು. ಇದ್ದಿಲನ್ನು ಬಿಸಿಲಿಗೆ ಹಾಕಿ, ಅರಿವೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಟ್ಟು, ಬಿಸಿಲು ಬಿದ್ದಾಗಲೆಲ್ಲ ಗಂಟು ಬಿಚ್ಚಿ ಒಣಗಿಸಬೇಕೆಂದರು. ಗಾಳಿಯಲ್ಲಿದ್ದ ನೀರನ್ನು ಇದ್ದಿಲು ಕುಡಿಯಿತು. ಆಮೇಲೆ ಚುಕ್ಕೆ ಬರುವುದು ಕಡಿಮೆಯಾಯಿತು.

ಆ ಭೇಟಿಯಲ್ಲೇ ಊರಿನ ಹೆಣ್ಣುಮಕ್ಕಳ ಶಾಲೆ ತೆರೆಯುವ ಸಮಾರಂಭ ಬಂತು. ಸಂಗೀತ ಬೇಕೆಂದು ಕೇಳಲು ಬಂದವರಿಗೆ ಯಜಮಾನರು ನನ್ನ ಹೆಸರು ಹೇಳಿದರು. ಬಜಾರಿನ ಹಿರಿಯರೊಬ್ಬರು ಮನೆಗೇ ಬಂದು, “ಗೌರವ್ವನವರ, ನಮ್ಮ ವ್ಯಾಪಾರಸ್ಥರ ಮನಿ ಸೊಸಿ ನಾಕು ಮಂದಿ ಮುಂದ ಕೂತು ಬಾರಿಸೂದು ಸರಿ ಕಾಣಸ್ತೈತೇನ್ರೀ?” ಅಂದರು. ಅತ್ತೆ ಅವರಿಗೆ ಚಹಾ ಕೊಟ್ಟರು. ಕುಡಿದು ಮುಗಿಸುವ ತನಕ ಕಾದರು. “ಹುಡುಗ್ಯಾರು ಸಾಲಿಗೆ ಬರ್ಲಿ ಅಂತ ಕರ್‍ಯಾಕತ್ತೀರಿ. ಕಲತ ಹೆಣ್ಮಗಳನ್ನ ಒಳಗ ಕುಂದರ್‍ಸಿ ಕರದ್ರ ಯಾರು ಬರ್ತಾರ್ರೀ? ನೀವೂ ಬರ್‍ರಿ, ಮುಂದ ಕುಂದರ್‍ರಿ,” ಅಂದರು.

ಸಮಾರಂಭದ ಬೆಳಗ್ಗೆ ಶ್ರುತಿ ಮಾಡುವಾಗ ಮುಖ್ಯ ತಂತಿಯಲ್ಲಿ, ಬಿರಡೆಯ ಹತ್ತಿರ ಒಂದು ಕಂದು ಕಲೆ ಕಂಡಿತು. ಅತ್ತೆ ಉಗುರಿನಿಂದ ಮುಟ್ಟಿ, “ಇದು ನಡುವ ಕೈ ಕೊಡ್ತೈತಿ,” ಅಂದು ತಗಡಿನ ಡಬ್ಬಿ ತೆರೆದರು. ಉಸ್ತಾದರು ಕೊಟ್ಟದ್ದರಲ್ಲಿ ಉಳಿದಿದ್ದ ಉಕ್ಕಿನ ಸುರುಳಿ ಒಂದೇ. ಎಣ್ಣೆ ಕಾಗದದೊಳಗೆ ಅದು ಇನ್ನೂ ಬೆಳ್ಳಗೆ ಮಿಂಚುತ್ತಿತ್ತು.

“ಅತ್ತಿ, ಇದು ಕಡೀದು. ಇದೂ ಹೋದ್ರ?”

“ಹೋದ್ರ ಹೋಗ್ಲಿ. ಈ ದಿನಕ್ಕ ಅಲ್ಲದ ಮತ್ತ್ಯಾವುದಕ್ಕ ಇಟ್ಟೀನಿ?”

ಅವರೇ ಏರಿಸಿದರು. ಬೆರಳು ಮಾತು ಕೇಳದೆ ಗಂಟು ಹಾಕಲು ಹೊತ್ತಾಯಿತು. ನಾನು ಕೈ ಚಾಚಿದರೆ ಬೇಡವೆಂದರು. ಹೊಸ ತಂತಿ ಶ್ರುತಿಗೆ ನಿಲ್ಲುವುದಿಲ್ಲವೆಂದು ಮಧ್ಯಾಹ್ನದವರೆಗೆ ಅದನ್ನು ಮತ್ತೆ ಮತ್ತೆ ಎಳೆದು ಪಳಗಿಸಿದರು.

ಸಂಜೆ ನಾನು ಭೀಮಪಲಾಸ ರಾಗ ಬಾರಿಸಿದೆ. ತೊಡೆಯ ಮೇಲಿದ್ದ ಅರಿವೆಯಲ್ಲಿ ನಡುನಡುವೆ ಕೈ ಒರೆಸಿಕೊಂಡೆ, ತಂತಿ ಒರೆಸಿದೆ. ಜನ ಅದನ್ನೂ ವಾದನದ ಒಂದು ಪದ್ಧತಿಯೆಂದು ತಿಳಿದಿರಬೇಕು, ಸುಮ್ಮನೆ ಕಾದರು. ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅತ್ತೆ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಅವರು ತಿರುಗಿ ಜನರ ಮುಖಗಳನ್ನು ನೋಡುತ್ತಿದ್ದರು, ಒಬ್ಬೊಬ್ಬರನ್ನೇ. ಬಜಾರಿನ ಆ ಹಿರಿಯರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ತಂತಿ ಕಡೆಯವರೆಗೂ ನಿಂತಿತು.

ಕನ್ನಡ ಸೀಮೆಗಳೆಲ್ಲ ಒಂದಾದ ವರ್ಷ ಮಸ್ಕಿಯಲ್ಲಿ ಅತ್ತೆಗೆ ಎಡಗೈ ಸ್ವಾಧೀನ ತಪ್ಪಿತು. ಸಿತಾರ್ ತೆಗೆದುಕೊಂಡು ಹೋದೆ. ಮಲಗಿದಲ್ಲೇ ಕೇಳಿದರು. ಒಂದು ಕಡೆ ನಾನು ನಿಷಾದ ಸ್ವರಕ್ಕೆ ತಂತಿಯನ್ನು ಸ್ವಲ್ಪ ಕಡಿಮೆ ಎಳೆದೆ. “ಇನ್ನಷ್ಟು ಜಗ್ಗು, ಹರಿಯಂಗಿಲ್ಲ,” ಅಂದರು. ಜಗ್ಗಿದೆ. “ಹಾಂ,” ಅಂದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಮುಂದಿನ ವಾರ ಸುದ್ದಿ ಬಂತು.

ಈಗ ಸಿಂಧನೂರಿನ ನಮ್ಮ ಪಡಸಾಲೆಗೆ ಶಾಲೆಯ ಹುಡುಗಿಯರು ಕಲಿಯಲು ಬರುತ್ತಾರೆ. ಅವರನ್ನು ಕರೆತರುವ ತಂದೆತಾಯಂದಿರು ಮೊದಲು ಕೇಳುವುದು, “ನಿಮ್ಮ ಉಸ್ತಾದರು ಯಾರ್‍ರೀ?” ಎಂದು. “ನಮ್ಮತ್ತಿ, ಮಸ್ಕಿ ಗೌರವ್ವ,” ಅನ್ನುತ್ತೇನೆ. ಚೇಷ್ಟೆ ಮಾಡುತ್ತಿದ್ದೇನೆಂದು ಕೆಲವರು ನಗುತ್ತಾರೆ. ನಾನು ನಗುವುದಿಲ್ಲ. ಅವರ ನಗು ನಿಲ್ಲುವ ತನಕ ಕಾದು, ಇನ್ನೊಮ್ಮೆ ಅದೇ ಹೆಸರು ಹೇಳುತ್ತೇನೆ.