ಫೇಟಾ ಇಲ್ಲದ ಮಾಮಾ

ನನಗೆ ಆಟಿಸಂ ಇದೆ ಎಂದು ಮಿರಜದ ಡಾಕ್ಟರರು ಹೇಳುವ ಹೊತ್ತಿಗೆ ನನ್ನ ತಲೆ ಅರ್ಧ ಬೋಳಾಗಿತ್ತು. ಅಲ್ಲಿಯವರೆಗೆ ಮಾಲಗಾಂವದಲ್ಲಿ ನನಗಿದ್ದ ಹೆಸರು ‘ತಿಕ್ಕಲು ಬಾಬಾಸಾಹೇಬ’. ಅಕ್ಕ ಜಿನಮತಿಗೆ ಮಾತ್ರ ಅಂದು ಹಬ್ಬವೇ ಹಬ್ಬ. ಮೊಬೈಲಿನಲ್ಲಿ ಏನೇನೋ ಓದಿಕೊಂಡು ಓಡಿ ಬಂದಳು.

“ಬಾಬಾ, ದೊಡ್ಡ ದೊಡ್ಡ ವಿಜ್ಞಾನಿಗಳು, ಚಿತ್ರಾ ತಗಿಯೋರು, ಭಾಳ ಮಂದಿ ನಿನ್ನಂಗ ಅದಾರಂತ! ನಿನ್ನೊಳಗೂ ಏನರ ಇರಬೇಕು ನೋಡು.”

ಹುಡುಕಿದೆವು. ಬಣ್ಣದ ಪೆಟ್ಟಿಗೆ ಬಂತು. ನಾನು ಬರೆದ ಎಮ್ಮೆಯನ್ನು ನೋಡಿ ಪಕ್ಕದ ಮನೆಯವರು, “ಸ್ಕೂಟರ್ ಛಂದ ಆಗೇತ್ರಿ” ಎಂದರು. ಹಾರ್ಮೋನಿಯಂ ಬಂತು, ಅದರ ದನಿಗೆ ನಾನೇ ಮೊದಲು ಮನೆ ಬಿಟ್ಟು ಓಡಿದೆ. ಕುಪವಾಡದ ಕಾರಖಾನೆಯಲ್ಲಿ ಬೋಲ್ಟಿನ ಸುರುಳಿ ಕೆಟ್ಟಿದೆಯೇ ಎಂದು ಬೆರಳಾಡಿಸಿ ನೋಡುವುದು ನನ್ನ ಕೆಲಸ. ದಿನವಿಡೀ ಮಾಡಿದರೂ ಬೇಸರವಿಲ್ಲ. ಇದಕ್ಕೆ ಯಾರೂ ಪುತ್ಥಳಿ ನಿಲ್ಲಿಸುವುದಿಲ್ಲ, ಬಿಡಿ.

ನನ್ನ ಹಣೆಬರಹವೆಂದರೆ ಸದ್ದು. ಬ್ಯಾಂಡ್ ಶುರುವಾದರೆ ತಲೆಯೊಳಗೆ ಯಾರೋ ಪಾತ್ರೆ ಎಸೆದಂತಾಗುತ್ತದೆ, ಕಿರುಚಿ ಓಡಿಬಿಡುತ್ತೇನೆ. ಇಂಥವನ ಪಾಲಿಗೆ ಅಕ್ಕನ ಮಗಳು ಋತುಜಾಳ ಮದುವೆ ಬಂತು. ಮಂಗಲಾಷ್ಟಕ ಮುಗಿಯುವವರೆಗೆ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲುವುದು ನಮ್ಮ ಕಡೆಯ ರೂಢಿ. ಕೊನೆಯ ಅಕ್ಷತೆ ಬಿದ್ದ ಕೂಡಲೇ ಬ್ಯಾಂಡು, ಪಟಾಕಿ, ಎಲ್ಲ ಒಟ್ಟಿಗೆ!

“ಬ್ಯಾರೆ ಯಾರನ್ನರ ನಿಂದರಸ್ರಿ,” ಎಂದೆ.

“ನೀವು ನಿಂದರಲಿಲ್ಲಂದ್ರ ನಾ ಮಂಟಪಕ್ಕ ಬರೂದಿಲ್ಲ ಮಾಮಾ,” ಎಂದಳು ಹುಡುಗಿ.

ಭಾವ ತೀರಿಕೊಂಡ ಮೇಲೆ ಅವಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದವನು ನಾನು. ಆಗಲಿ ಎಂದೆ.

ಕಾರಖಾನೆಯಲ್ಲಿ ಮಶೀನಿನ ಸದ್ದಿಗೆ ಎರಡೂ ಕಿವಿಯ ಮೇಲೆ ಹಾಕಿಕೊಳ್ಳುವ ಹಳದಿ ಮುಚ್ಚಳ ತಂದೆ. ಸಾಂಗಲಿಯ ಮಂಗಲ ಕಾರ್ಯಾಲಯದಲ್ಲಿ ತಲೆಗೆ ಕೇಸರಿ ರುಮಾಲು, ಅಂದರೆ ಫೇಟಾ, ಕಟ್ಟಲು ಬಂದರು. ಅಯ್ಯೋ ಕರ್ಮವೇ! ಫೇಟಾ ಕಟ್ಟಿದರೆ ಮುಚ್ಚಳ ಕೂರದು, ಮುಚ್ಚಳ ಹಾಕಿದರೆ ಫೇಟಾ ನಿಲ್ಲದು. ಫೇಟಾ ಬಿಟ್ಟೆ. ಇವನು ಮದುವೆಗೆ ಬಂದವನೋ, ಜನರೇಟರ್ ರಿಪೇರಿಗೆ ಬಂದವನೋ ಎಂಬಂತೆ ಬೀಗರು ನೋಡಿದರು. ಏನೋ ಅಂದರು ಕೂಡ. ಕೇಳಿಸಲಿಲ್ಲ, ಒಳ್ಳೆಯದೇ ಆಯಿತು.

ಕೊನೆಯ ಅಕ್ಷತೆ ಬಿತ್ತು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದೆ. ಏನೂ ಆಗಲಿಲ್ಲ. ಋತುಜಾ ತಿರುಗಿ ನನ್ನ ಒಂದು ಕಿವಿಯ ಮುಚ್ಚಳ ಸರಿಸಿದಳು.

“ಆತು ಮಾಮಾ.”

“ಬ್ಯಾಂಡ್ ಎಲ್ಲಿ?”

“ಹೊರಗ ಚಹಾ ಕುಡ್ಯಾಕತ್ತಾರ. ಬ್ಯಾಂಡ್, ಪಟಾಕಿ ಎರಡೂ ನಾನ ಬ್ಯಾಡ ಅಂದೇನಿ. ನಿಮಗ ಹೇಳಿದ್ರ ನೀವು ಒಪ್ಪತಿದ್ದಿಲ್ಲ.”

ನನಗೆ ರೇಗಿತು. ಗೊತ್ತುಮಾಡಿದ್ದನ್ನು ಹೇಳದೆ ಬದಲಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಮಮತೆಯಿಂದಲೇ ಬದಲಿಸಿದರೂ ಅಷ್ಟೇ. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಬ್ಯಾಂಡಿನ ಮುಂದೆ ಕುಣಿಯುವುದೆಂದರೆ ಈ ಹುಡುಗಿಗೆ ಚಿಕ್ಕಂದಿನಿಂದ ಪ್ರಾಣ. ಕಿವಿ ಮುಚ್ಚಿಕೊಂಡು ಸೀದಾ ಹೊರಗೆ ಹೋದೆ.

“ಏಳ್ರಿ, ಬಾರಸ್ರಿ!”

ನನ್ನ ದನಿ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ. ಊಟದ ಸಾಲಿನಲ್ಲಿದ್ದವರೂ ಬೆಚ್ಚಿಬಿದ್ದರಂತೆ.

ಡೋಲಿನ ಪೆಟ್ಟು ಮುಚ್ಚಳ ದಾಟಿ ಎದೆಗೇ ಬಿತ್ತು. ಕಾಲು ಓಡಲು ಹವಣಿಸುತ್ತಿತ್ತು. ಋತುಜಾ ಕೊರಳಲ್ಲಿ ಹಾರವಿದ್ದಂತೆಯೇ ಕುಣಿಯುತ್ತಿದ್ದಳು, ಅಳುತ್ತಲೂ ಇದ್ದಳು. ನಾನು ಗೇಟಿನ ಕಂಬವನ್ನು ತಬ್ಬಿಕೊಂಡು, ಹಾಡು ಮುಗಿಯುವವರೆಗೂ ಅವಳನ್ನೇ ನೋಡಿದೆ.