ಶಾಲೆಯ ಬಾವಿ ಅಳೆಯುತ್ತಿದ್ದ ಮಿಸ್

ಹೋದ ತಿಂಗಳು ನಮ್ಮ ಪಕ್ಕದ ಹೊಲದಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು. ಮೊದಲು ಬರೀ ಬಿಳಿ ಧೂಳು ಏಳುತ್ತಿತ್ತು. ಆಮೇಲೆ ಎಲ್ಲೋ ಆಳದಲ್ಲಿ ಸ್ವಲ್ಪ ಪಸೆ ಸಿಕ್ಕಿರಬೇಕು, ಒದ್ದೆ ಕಲ್ಲುಪುಡಿಯ ವಾಸನೆ ನಮ್ಮ ನಡುಮನೆಯವರೆಗೂ ಬಂತು. ಅಮ್ಮ ಕಿಟಕಿ ಮುಚ್ಚು ಅಂದಳು. ನಾನು ಮುಚ್ಚದೆ ನಿಂತೇ ಇದ್ದೆ. ಆ ವಾಸನೆಗೆ ನೆನಪಾದವರು ನಮ್ಮ ಹೈಸ್ಕೂಲಿನ ವಿಜ್ಞಾನದ ಮಿಸ್...

ಅವರು ಶಿಡ್ಲಘಟ್ಟದವರು. ಮನೆಮಾತು ಉರ್ದು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ದಿನಾ ಚಿಂತಾಮಣಿ ಬಸ್ಸಿನಲ್ಲಿ ಬಂದು ಮುಖ್ಯರಸ್ತೆಯ ನಮ್ಮೂರ ಗೇಟಿನಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದರು. ನೈಸರ್ಗಿಕ ಸಂಪನ್ಮೂಲಗಳ ಪಾಠ ಶುರುವಾದ ದಿನ ಪುಸ್ತಕ ಮುಚ್ಚಿಸಿ, ನಮ್ಮನ್ನೆಲ್ಲ ಶಾಲೆಯ ಹಿಂದಿನ ಬಾವಿಯ ಹತ್ತಿರ ಕರೆದುಕೊಂಡು ಹೋದರು. ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ತುದಿಯಲ್ಲೊಂದು ಕಲ್ಲು. ಕಲ್ಲು ನೀರು ಮುಟ್ಟುವವರೆಗೆ ಗಂಟು ಎಣಿಸಬೇಕು. ಅಂದಿನಿಂದ ಪ್ರತಿ ಸೋಮವಾರ ಅದೇ ಕೆಲಸ. ಸರದಿಯಲ್ಲಿ ಒಬ್ಬೊಬ್ಬರು ಹಗ್ಗ ಬಿಡುತ್ತಿದ್ದೆವು.

ಆ ವರ್ಷ ಮಳೆ ಚೆನ್ನಾಗಿತ್ತು. ರಾಗಿ ಎದೆಮಟ್ಟ ಬೆಳೆದಿತ್ತು. ಆದರೂ ಸುತ್ತ ಬೋರ್‌ಗಳು ಹೆಚ್ಚಿದಂತೆ ಬಾವಿಯ ನೀರು ಮುಟ್ಟಲು ಬೇಕಾದ ಗಂಟುಗಳೂ ಹೆಚ್ಚುತ್ತಲೇ ಹೋದವು. ನಮಗದು ಆಟ. ಮಿಸ್ ಮಾತ್ರ ಬಾವಿಯೊಳಗೆ ನೋಡುತ್ತಾ ನಿಂತುಬಿಡುತ್ತಿದ್ದರು.

ಶಾಲೆಯ ಗೋಡೆಯ ಆಚೆಗೇ ನಮ್ಮ ಹಿಪ್ಪುನೇರಳೆ ತೋಟ. ದಸರೆ ರಜೆಯಲ್ಲಿ ಅಪ್ಪ ಅಲ್ಲಿ ಬೋರ್ ಹಾಕಿಸಿದರು. ನೀರು ಆಳೆತ್ತರಕ್ಕೆ ಚಿಮ್ಮಿತು. ಅಮ್ಮ ಅರಿಶಿನ ಕುಂಕುಮ ಹಾಕಿ ಕೈಮುಗಿದಳು, ನಾವು ನೆನೆದು ಕುಣಿದೆವು. ರಜೆ ಮುಗಿದ ಮೊದಲ ಸೋಮವಾರ ಹಗ್ಗ ಬಿಡುವ ಸರದಿ ನನ್ನದು. ಗಂಟುಗಳು ಕೈ ಜಾರುತ್ತಾ ಹೋದವು. ಕೊನೆಗೆ ನೀರಿನ ಸದ್ದು ಬರಲೇ ಇಲ್ಲ, ಕಲ್ಲಿಗೆ ಕಲ್ಲು ತಗುಲಿದ ಸದ್ದು ಬಂತು. ಮಿಸ್ ಗೋಡೆಯಾಚೆ ಓಡುತ್ತಿದ್ದ ಮೋಟಾರಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

ಅಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಅಮ್ಮ ಕಾಫಿ ಕೊಟ್ಟಳು.

"ಅಣ್ಣ, ದಿನ ಬಿಟ್ಟು ದಿನ ಮೋಟಾರ್ ಹಾಕಿದ್ರೂ ಸಾಕು. ಬಾವೀಲಿ ಒಂಚೂರು ಊರುತ್ತೆ. ಮಕ್ಕಳ ಅಡಿಗೆಗೆ ಅದೇ ನೀರು," ಅಂದರು.

"ಭೂಮಿ ನಂದು ಮೇಡಂ. ಅದರ ಕೆಳಗಿರೋದೂ ನಂದೇ ಅಲ್ವಾ?" ಅಂದರು ಅಪ್ಪ. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ.

"ಮೇಲೆ ಬೇಲಿ ಹಾಕ್ಕೋಬಹುದು ಅಣ್ಣ. ಕೆಳಗೆ ಬೇಲಿ ಇಲ್ಲ."

ಅಪ್ಪ ನಕ್ಕರು. ಮೋಟಾರ್ ನಿಲ್ಲಲಿಲ್ಲ.

ನೀರಿಲ್ಲದೆ ಶಾಲೆಯ ಶೌಚಾಲಯಕ್ಕೆ ಬೀಗ ಬಿತ್ತು. ದೊಡ್ಡ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಮಿಸ್ ಮಾತ್ರ ಸೋಮವಾರದ ಕೆಲಸ ಬಿಡಲಿಲ್ಲ. ಇನ್ನೂ ಯಾಕೆ ಮಿಸ್ ಎಂದು ಯಾರೋ ಕೇಳಿದ್ದಕ್ಕೆ, "ಇಲ್ಲ ಅನ್ನೋದೂ ಒಂದು ಅಳತೆ ಕಣಪ್ಪ, ಬರ್ಕೊ" ಅಂದರು.

ಎರಡೇ ವರ್ಷಕ್ಕೆ ನಮ್ಮ ಬೋರೂ ಬತ್ತಿತು. ಅಪ್ಪ ಇನ್ನೂ ಆಳಕ್ಕೆ ಕೊರೆಸಿದರು. ಈ ಸಲ ಬಂದ ನೀರು ಉಗುರುಬೆಚ್ಚಗಿತ್ತು. ಬೇಳೆ ಬೇಯುತ್ತಿರಲಿಲ್ಲ. ನಾನೇ ಮಿಸ್‌ಗೆ ಹೇಳಿದೆ. ಅವರು ಒಂದು ಬಾಟಲಿ ನೀರು ತರಿಸಿಕೊಂಡು ಪರೀಕ್ಷೆ ಮಾಡಿಸಿ, ಮತ್ತೆ ಮನೆಗೆ ಬಂದರು.

"ಇದರಲ್ಲಿ ಫ್ಲೋರೈಡ್ ಜಾಸ್ತಿ ಇದೆ ಅಣ್ಣ. ಗಿಡಕ್ಕೆ ಬೇಕಾದ್ರೆ ಹಾಕಿ, ಕುಡೀಬೇಡಿ. ಮೂಳೆ ತಿನ್ನುತ್ತೆ. ಮಾಳಿಗೆ ಮೇಲಿನ ಮಳೆನೀರು ಹಿಡಿದಿಟ್ಕೊಳ್ಳಿ."

ಅಪ್ಪನ ಮುಖ ಕಪ್ಪಿಟ್ಟಿತು. "ಬಾವಿ ವಿಷಯ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀರಿ ನೀವು. ನಮ್ಮನೆ ಬಾಗಿಲಿಗೆ ಇನ್ನ ಬರಬೇಡಿ ಮೇಡಂ."

ನಾನು ಬಾಗಿಲ ಹಿಂದೆ ನಿಂತಿದ್ದೆ. ನೀರು ಕೊಟ್ಟಿದ್ದು ನಾನೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮಿಸ್ ಚಪ್ಪಲಿ ಮೆಟ್ಟಿಕೊಂಡು ಹೋದರು. ಆ ಬೇಸಿಗೆಯಲ್ಲಿ ಅವರಿಗೆ ಗೌರಿಬಿದನೂರಿನ ಕಡೆ ವರ್ಗವಾಯಿತು. ನಾವು ಆ ನೀರನ್ನೇ ಕುಡಿದೆವು, ವರ್ಷಗಟ್ಟಲೆ... ತಂಗಿಯ ಹಲ್ಲಿನ ಮೇಲೆ ಕಂದು ಗೆರೆ ಮೂಡಿದಾಗ ಸರಿಯಾಗಿ ಉಜ್ಜೇ ಅಂತ ಬೈದೆವು. ಅಮ್ಮನಿಗೆ ಕೂತರೆ ಏಳಲು ಆಗದಂತಾದಾಗ ವಯಸ್ಸಾಯಿತು ಅಂದುಕೊಂಡೆವು. ಆಗ ಅವಳಿಗೆ ಐವತ್ತೂ ತುಂಬಿರಲಿಲ್ಲ. ಊರಿಗೆ ಶುದ್ಧ ನೀರಿನ ಘಟಕ ಬರುವ ಹೊತ್ತಿಗೆ ಅವಳ ಮಂಡಿಗಳು ಬಾಗಿ ಹೋಗಿದ್ದವು.

ಪಕ್ಕದ ಹೊಲದ ಲಾರಿ ಹೊರಟ ಮರುದಿನ ನಾನು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಮಿಸ್‌ನ ಕಂಡು ಒಂದು ಮಾತು ಹೇಳಬೇಕಿತ್ತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವರು ಅವರ ತಮ್ಮ. ಮಿಸ್ ತೀರಿಕೊಂಡು ಎರಡು ವರ್ಷವಾಗಿತ್ತು.

ನನ್ನೂರಿನ ಹೆಸರು ಕೇಳಿ ಅವರು ಕುರ್ಚಿ ಎಳೆದು ಕೂರಿಸಿದರು. "ಆಪಾ ನಿಮ್ಮೂರನ್ನ ಬಹಳ ನೆನೆಸ್ಕೊಳ್ಳೋರು. ಒಂದು ಹುಡುಗಿ ಬಾಟಲೀಲಿ ನೀರು ತಂದುಕೊಟ್ಲು, ಅವರ ಮನೇವ್ರು ಆ ನೀರು ಬಿಟ್ರೋ ಇಲ್ವೋ ಅಂತ ಕೇಳ್ತಾನೇ ಇದ್ರು. ಅದು ನೀವೇನಾ?"

"ನಾನೇ ಭಾಯ್," ಅಂದೆ.

"ಬಿಟ್ರಿ ಅಲ್ವಾ?"

ಅವರ ಮುಖ ಥೇಟ್ ಮಿಸ್ ಮುಖದ ಹಾಗೇ ಇತ್ತು.

"ಆವತ್ತೇ ಬಿಟ್ವಿ," ಅಂದೆ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಬಾಗಿಲು ತಟ್ಟಿ ಹೊರಗೆ ನಿಂತೆ. ಒಳಗೆ ಅಮ್ಮ ಗೋಡೆ ಹಿಡಿದುಕೊಂಡು ಎದ್ದು, ಒಂದೊಂದೇ ಹೆಜ್ಜೆ ಎಳೆಯುತ್ತಾ ಬರುವುದು ಕೇಳಿಸುತ್ತಿತ್ತು. ಬಹಳ ಹೊತ್ತು ಹಿಡಿಯಿತು.